ಮೇದೋಜ್ಜೀರಕದ ಗಡ್ಡೆ: ಯಾವ ಸ್ಕ್ಯಾನ್, ಯಾವ ಸರ್ಜನ್, ಹುಬ್ಬಳ್ಳಿಯೋ ಬೆಂಗಳೂರೋ?

ನಮ್ಮ ಸೋದರಮಾವನಿಗೆ ಕಾಮಣಿ (ಜಾಂಡೀಸ್) ಕಾಣಿಸಿದ್ದು ಶೇಂಗಾ ಕೀಳುವ ಹೊತ್ತಿನಲ್ಲಿ. ರೋಣ ತಾಲೂಕಿನ ಹಳ್ಳಿ. ಜ್ವರ ಇಲ್ಲ, ನೋವಿಲ್ಲ. ಕಣ್ಣು ಹಳದಿ, ಮೂತ್ರ ಮಾತ್ರ ಚಹಾ ಡಿಕಾಕ್ಷನ್ ಬಣ್ಣ. ಊರಲ್ಲಿ ಕಾಮಣಿಗೆ ಔಷಧಿ ಕೊಡುವವರ ಹತ್ತಿರ ಹೋದರು. ಮೂರು ದಿನ ಬರಿಹೊಟ್ಟೆಗೆ ಔಷಧಿ, ಎಣ್ಣೆ ಖಾರ ಬಂದ್. ಇಳಿಯಲಿಲ್ಲ. ಮತ್ತೆ ಮೂರು ದಿನ. ಹೀಗೇ ಇಪ್ಪತ್ತು ದಿನ ಹೋಯಿತು. ಹುಬ್ಬಳ್ಳಿಗೆ ನಮ್ಮ ಮನೆಗೆ ಬಂದಾಗ ನಾನು ಮೊದಲು ನೋಡಿದ್ದು ಅವರ ಕೈ ಉಗುರು. ಎಣ್ಣೆ ಹಚ್ಚಿ ಉಜ್ಜಿದ ಹಾಗೆ ಹೊಳೆಯುತ್ತಿದ್ದವು. "ರಾತ್ರಿ ಪೂರ್ತಿ ಮೈ ತುರಿಸ್ಕೋತೀನಿ ನೋಡವಾ, ನಿದ್ದಿನ ಇಲ್ಲ" ಅಂದರು. ತುರಿಸಿ ತುರಿಸಿ ಉಗುರಿಗೆ ಪಾಲಿಶ್ ಬಂದಿತ್ತು.

ನಾನು ಡಾಕ್ಟರ್ ಅಲ್ಲ. ನಮ್ಮ ಮನೆ ವಿದ್ಯಾನಗರದ ಹತ್ತಿರ ಇರುವುದರಿಂದ ಗದಗ, ಹಾವೇರಿ ಕಡೆಯ ನೆಂಟರೆಲ್ಲ ಆಸ್ಪತ್ರೆಗೆ ಬಂದಾಗ ನಮ್ಮಲ್ಲೇ ಇಳಿಯುತ್ತಾರೆ. ಮಾವನ ಜೊತೆ ಓಡಾಡುವಾಗ ಪ್ರತಿ ಹೆಜ್ಜೆಗೂ "ಇದಾ, ಅದಾ?" ಅನ್ನೋ ಪ್ರಶ್ನೆ ಬಂತು. ಆಗ ಗೊತ್ತಿಲ್ಲದ್ದನ್ನು ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಇದು ಆಸ್ಪತ್ರೆಗಳ ರ‍್ಯಾಂಕ್ ಪಟ್ಟಿ ಅಲ್ಲ. ಮೇದೋಜ್ಜೀರಕದ ಕ್ಯಾನ್ಸರ್ ಗಡ್ಡೆಯಲ್ಲಿ ನಾವು ನಿಜವಾಗಿ ಆರಿಸಬೇಕಾದದ್ದು ಕಟ್ಟಡವನ್ನಲ್ಲ, ಸರ್ಜನ್‌ಗೆ ಇರುವ ತಿಳಿವಳಿಕೆ ಮತ್ತು ಕೈ ಅಭ್ಯಾಸವನ್ನು. ಅದನ್ನು ನಮ್ಮಂಥವರೂ ಕೆಲವು ಪ್ರಶ್ನೆ ಕೇಳಿ ಅಳೆಯಬಹುದು.

ಯಾವ ಕಾಮಣಿಗೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ವೈರಸ್‌ನಿಂದ ಬರುವ ಕಾಮಣಿಯಲ್ಲಿ ಸಾಮಾನ್ಯವಾಗಿ ಮೊದಲು ಜ್ವರ, ವಾಕರಿಕೆ, ಆಮೇಲೆ ಹಳದಿ. ಅದು ಬಹಳಷ್ಟು ಸಲ ತಾನಾಗೇ ಇಳಿಯುತ್ತೆ. ಊರ ಔಷಧಿಗೆ ಹೆಸರು ಬಂದದ್ದೂ ಅದಕ್ಕೇ. ಮೇದೋಜ್ಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್, ಜಠರದ ಹಿಂದೆ ಅಡ್ಡ ಮಲಗಿರುವ ಒಂದು ಗೇಣಿನಷ್ಟು ಉದ್ದದ ಗ್ರಂಥಿ. ಅದರ ತಲೆಭಾಗದ ಒಳಗಿಂದಲೇ ಪಿತ್ತನಾಳ ಹಾದುಹೋಗುತ್ತೆ. ಅಲ್ಲಿ ಗಡ್ಡೆ ಬೆಳೆದರೆ ನಾಳ ಕಟ್ಟುತ್ತೆ. ಆಗ ನೋವಿಲ್ಲದ ಕಾಮಣಿ, ದಿನದಿನಕ್ಕೆ ಏರುವ ಹಳದಿ, ತುರಿಕೆ, ಸುಣ್ಣದಂಥ ಬಿಳಿಚಿದ ಮಲ. ಐವತ್ತು ದಾಟಿದವರಿಗೆ ಜೊತೆಗೆ ತೂಕ ಇಳಿದಿದ್ದರೆ, ಹೊಸದಾಗಿ ಶುಗರ್ ಬಂದಿದ್ದರೆ ಒಂದು ದಿನವೂ ಕಾಯಬೇಡಿ. ಗಡ್ಡೆ ನಡುವಿನಲ್ಲೋ ಬಾಲದ ಕಡೆಯೋ ಇದ್ದರೆ ಸಾಮಾನ್ಯವಾಗಿ ಕಾಮಣಿ ಬರುವುದಿಲ್ಲ. ಬೆನ್ನಿಗೆ ಹೊಡೆಯುವ ಹೊಟ್ಟೆನೋವು, ತೂಕ ಇಳಿತ ಅಷ್ಟೇ. ಅದಕ್ಕೇ ಅದು ಸಿಗುವುದು ತಡ.

ಅಲ್ಟ್ರಾಸೌಂಡ್, ಸಿಟಿ, ಪೆಟ್

ಅಲ್ಟ್ರಾಸೌಂಡ್ ಎಲ್ಲ ತಾಲೂಕಿನಲ್ಲೂ ಸಿಗುತ್ತೆ. ಪಿತ್ತನಾಳ ಹಿಗ್ಗಿದೆ ಅಂತ ಅದು ಹೇಳುತ್ತೆ. ಆದರೆ ಕರುಳಿನ ಗಾಳಿ ಅಡ್ಡ ಬಂದು ಪ್ಯಾಂಕ್ರಿಯಾಸ್ ಸರಿಯಾಗಿ ಕಾಣದೇ ಇರಬಹುದು. ಹಾಗಾಗಿ "ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಾಣಲಿಲ್ಲ" ಅಂದರೆ ಗಡ್ಡೆ ಇಲ್ಲ ಅಂತ ಅರ್ಥ ಅಲ್ಲ.

ಮುಂದಿನದು ಸಿಟಿ. ಇಲ್ಲೇ ಜನ ಎಡವುವುದು. ಸಿಟಿ ಅಂದರೆ ಎಲ್ಲಾ ಒಂದೇ ಅಂದುಕೊಳ್ಳುತ್ತೇವೆ. ಹೊಟ್ಟೆಯ ಸಾಮಾನ್ಯ ಸಿಟಿ ಬೇರೆ, "ಪ್ಯಾಂಕ್ರಿಯಾಸ್ ಪ್ರೋಟೋಕಾಲ್" ಸಿಟಿ ಬೇರೆ. ಎರಡನೆಯದರಲ್ಲಿ ರಕ್ತನಾಳಕ್ಕೆ ಕಾಂಟ್ರಾಸ್ಟ್ (ಒಳಗಿನದು ಎದ್ದು ಕಾಣುವ ಹಾಗೆ ಮಾಡುವ ಔಷಧಿ) ಕೊಟ್ಟು ಎರಡು ಸಲ ಚಿತ್ರ ತೆಗೆಯುತ್ತಾರೆ. ಸುಮಾರು 40–45 ಸೆಕೆಂಡಿಗೆ ಒಂದು, ಆಗ ಗ್ರಂಥಿ ಬೆಳ್ಳಗಾಗಿ ಗಡ್ಡೆ ಮಬ್ಬಾಗಿ ಎದ್ದು ಕಾಣುತ್ತೆ. ಸುಮಾರು 70 ಸೆಕೆಂಡಿಗೆ ಇನ್ನೊಂದು, ಆಗ ದೊಡ್ಡ ಅಭಿಧಮನಿಗಳು ಮತ್ತು ಯಕೃತ್ತು ಕಾಣುತ್ತವೆ. ಚೂರುಗಳು ತೆಳ್ಳಗಿರಬೇಕು, 3 ಮಿಲಿಮೀಟರ್ ಅಥವಾ ಕಡಿಮೆ. ಖರ್ಚಿನ ವ್ಯತ್ಯಾಸ ದೊಡ್ಡದಲ್ಲ, ಸಿಗುವ ಮಾಹಿತಿಯ ವ್ಯತ್ಯಾಸ ದೊಡ್ಡದು. ಚೀಟಿಯಲ್ಲಿ ಸುಮ್ನೆ "ಸಿಟಿ ಹೊಟ್ಟೆ" ಅಂತ ಬರೆದಿದ್ದರೆ "ಪ್ಯಾಂಕ್ರಿಯಾಸ್ ಪ್ರೋಟೋಕಾಲ್ ಅಂತ ಬರೆದು ಕೊಡ್ತೀರಾ ಸರ್?" ಅಂತ ಕೇಳಿ. ಕಾಂಟ್ರಾಸ್ಟ್‌ಗೆ ಮೊದಲು ಕಿಡ್ನಿಯ ಕ್ರಿಯೇಟಿನಿನ್ ನೋಡಿಸಿ. ಕೊನೆಗೆ ಫಿಲ್ಮ್ ಜೊತೆ ಸಿಡಿ ಕೇಳಿ ಪಡೆಯಿರಿ. ನಾವು ಫಿಲ್ಮ್ ಮಾತ್ರ ಹಿಡಿದುಕೊಂಡು ಹೋದಾಗ ಸರ್ಜನ್ ಅದನ್ನು ಕಿಟಕಿ ಬೆಳಕಿಗೆ ಹಿಡಿದು ಒಂದು ನಿಮಿಷ ನೋಡಿ ಕೆಳಗಿಟ್ಟರು. "ಇಷ್ಟು ಸಣ್ಣ ಚಿತ್ರದಲ್ಲಿ ನಾಳದ ಅಂಚು ಗೊತ್ತಾಗಲ್ಲ. ಸಿಡಿ ತನ್ನಿ" ಅಂದರು. ಒಂದು ದಿನ ಅದಕ್ಕೇ ಹೋಯಿತು.

ಪೆಟ್ ಸ್ಕ್ಯಾನ್ ದುಬಾರಿ. ಕೆಲವು ಸಂದರ್ಭಕ್ಕೆ ಬೇಕಾಗುತ್ತೆ, ಆದರೆ ಒಳ್ಳೆಯ ಸಿಟಿಯ ಬದಲಿಗೆ ಅದು ಆಗುವುದಿಲ್ಲ. ಸಿಎ 19-9 ಅನ್ನೋ ರಕ್ತಪರೀಕ್ಷೆಯ ಅಂಕಿ ನೋಡಿ ಗಾಬರಿಯಾಗುವವರೂ ಇದ್ದಾರೆ, ನಿರಾಳ ಆಗುವವರೂ ಇದ್ದಾರೆ. ಎರಡೂ ತಪ್ಪು. ಕಾಮಣಿ ಇದ್ದರೆ ಕ್ಯಾನ್ಸರ್ ಇಲ್ಲದೆಯೂ ಅದು ಏರುತ್ತೆ. ಇನ್ನು ನೂರರಲ್ಲಿ 5ರಿಂದ 10 ಜನರ ಮೈ ಆ ಅಂಶವನ್ನು ತಯಾರಿಸುವುದೇ ಇಲ್ಲ. ಚಿಕಿತ್ಸೆ ಹೇಗೆ ನಡೆದಿದೆ ಅಂತ ನೋಡೋಕೆ ಅದು ಒಳ್ಳೆಯದು, ಕಾಯಿಲೆ ಹೌದೋ ಅಲ್ಲವೋ ಅಂತ ತೀರ್ಮಾನಿಸೋಕೆ ಅಲ್ಲ.

ಸ್ಟೆಂಟ್ ಈಗಲೇ ಬೇಕಾ?

ಈ ಪ್ರಶ್ನೆಯ ಬಗ್ಗೆ ನನಗೆ ಇನ್ನೂ ಸಂಕಟ ಇದೆ. ನಾವು ಮೊದಲು ಹೋದ ಆಸ್ಪತ್ರೆಯಲ್ಲಿ ಅಡ್ಮಿಟ್ ಆದ ಮರುದಿನವೇ ಎಂಡೋಸ್ಕೋಪಿಯಿಂದ ಪಿತ್ತನಾಳಕ್ಕೆ ಸ್ಟೆಂಟ್, ಅಂದರೆ ನಾಳ ತೆರೆದಿಡುವ ಸಣ್ಣ ಕೊಳವೆ, ಹಾಕಿದರು. ಸಿಟಿ ಆಗಿರಲಿಲ್ಲ. ಕಾಮಣಿ ಇಳಿಯಿತು, ನಾವೂ ಖುಷಿಪಟ್ಟೆವು. ಆದರೆ ಸ್ಟೆಂಟ್ ಹಾಕುವಾಗ ಗ್ರಂಥಿಗೆ ಉರಿಯೂತ ಬಂತು. ಆಮೇಲೆ ತೆಗೆದ ಸಿಟಿಯಲ್ಲಿ ಬಾವು ಯಾವುದು, ಗಡ್ಡೆ ಯಾವುದು ಅಂತ ಬೇರೆ ಮಾಡೋಕೆ ಆಗಲಿಲ್ಲ. ಕಾದು ಮತ್ತೊಮ್ಮೆ ತೆಗೆಸಬೇಕಾಯಿತು. ಮೊದಲು ಸಿಟಿ, ಆಮೇಲೆ ಸ್ಟೆಂಟ್. ಈ ಸರದಿ ಒಂದನ್ನು ನೆನಪಿಟ್ಟುಕೊಳ್ಳಿ, ಸಾಕಷ್ಟು ತೊಂದರೆ ತಪ್ಪುತ್ತೆ.

ಸ್ಟೆಂಟ್ ಎಲ್ಲರಿಗೂ ಬೇಕಾ ಅನ್ನುವುದು ಇನ್ನೊಂದು ಪ್ರಶ್ನೆ. ನೆದರ್ಲೆಂಡ್ಸ್‌ನಲ್ಲಿ ಸುಮಾರು 200 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು. ನೇರ ಆಪರೇಷನ್‌ಗೆ ಹೋದವರಲ್ಲಿ ಗಂಭೀರ ತೊಂದರೆ 39 ಪ್ರತಿಶತ. ಮೊದಲು ಸ್ಟೆಂಟ್ ಹಾಕಿಸಿ ವಾರಗಟ್ಟಲೆ ಕಾದು ಆಪರೇಷನ್ ಆದವರಲ್ಲಿ 74 ಪ್ರತಿಶತ. ಅವರ ಬಿಲಿರುಬಿನ್ (ಕಾಮಣಿ ಎಷ್ಟಿದೆ ಅಂತ ತೋರಿಸುವ ರಕ್ತದ ಅಂಶ) ಸುಮಾರು 14–15ರ ಒಳಗಿತ್ತು, ಹಾಕಿದ್ದು ಪ್ಲಾಸ್ಟಿಕ್ ಸ್ಟೆಂಟ್. ಅಂದರೆ ಕಾಮಣಿ ಇದೆ ಅನ್ನೋ ಒಂದೇ ಕಾರಣಕ್ಕೆ ಸ್ಟೆಂಟ್ ಬೇಡ.

ಬೇಕಾಗುವ ಸಂದರ್ಭಗಳೂ ಸ್ಪಷ್ಟ ಇವೆ. ಚಳಿ ಜ್ವರ ಬಂದು ಪಿತ್ತನಾಳಕ್ಕೆ ಸೋಂಕಾಗಿದ್ದರೆ, ಬಿಲಿರುಬಿನ್ ತೀರಾ ಜಾಸ್ತಿ ಇದ್ದರೆ, ಮೊದಲು ಕೀಮೋ ಕೊಡುವುದಿದ್ದರೆ, ಆಪರೇಷನ್ ದಿನಾಂಕ ವಾರಗಟ್ಟಲೆ ದೂರ ಇದ್ದರೆ ಹಾಕಲೇಬೇಕು. ಹಾಕುವುದಾದರೆ ಪ್ಲಾಸ್ಟಿಕ್ ಅಗ್ಗ, ಬೇಗ ಕಟ್ಟಿಕೊಳ್ಳುತ್ತೆ. ಮೆಟಲ್‌ಗೆ ಹಣ ಜಾಸ್ತಿ, ಹೆಚ್ಚು ದಿನ ತೆರೆದಿರುತ್ತೆ. ತಿಂಗಳುಗಟ್ಟಲೆ ಕೀಮೋ ಇದ್ದರೆ ಮೆಟಲ್ ಮೇಲು ಅನ್ನುವುದು ನನ್ನ ಅಭಿಪ್ರಾಯ, ಯಾಕಂದರೆ ನಡುವೆ ಸ್ಟೆಂಟ್ ಕಟ್ಟಿ ಜ್ವರ ಬಂದರೆ ಕೀಮೋ ನಿಲ್ಲುತ್ತೆ.

ಬಯಾಪ್ಸಿ ಮಾಡಿಸಬೇಕಾ, ಬೇಡವಾ?

"ಬಯಾಪ್ಸಿ ಇಲ್ಲದೇ ಕೊಯ್ಯೋದಾ?" ಅಂತ ನಮ್ಮ ಮನೆಯಲ್ಲಿ ಜಗಳವೇ ಆಯಿತು. ಸಿಟಿಯಲ್ಲಿ ಗಡ್ಡೆ ಸ್ಪಷ್ಟ ಇದ್ದು ನೇರ ಆಪರೇಷನ್ ಮಾಡುವುದಾದರೆ ಬಯಾಪ್ಸಿ, ಅಂದರೆ ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡುವುದು, ಕಡ್ಡಾಯ ಅಲ್ಲ. ಕೀಮೋ ಮೊದಲು ಅಂದರೆ ಕಡ್ಡಾಯ. ಅದನ್ನು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮೂಲಕ, ಹೊಟ್ಟೆಯ ಒಳಗಿಂದ ಸೂಜಿ ಹಾಕಿ ತೆಗೆಯುತ್ತಾರೆ. ಅನುಮಾನ ಇದ್ದಾಗಲೂ ಬೇಕು, ಯಾಕಂದರೆ ಹಳೆಯ ಪ್ಯಾಂಕ್ರಿಯಾಟೈಟಿಸ್, ಟಿಬಿ ಗಂಟು, ಐಜಿಜಿ4 ಅನ್ನೋ ಉರಿಯೂತ ಕೂಡ ಕ್ಯಾನ್ಸರ್ ಹಾಗೇ ಕಾಣಬಹುದು. "ಇದು ಅವುಗಳಲ್ಲಿ ಒಂದಾಗಿರಬಹುದಾ ಸರ್?" ಅಂತ ಕೇಳಿದಾಗ ಯೋಚಿಸಿ ಉತ್ತರ ಕೊಡುವವರ ಮೇಲೆ ನನಗೆ ನಂಬಿಕೆ ಬರುತ್ತೆ.

ಆಪರೇಷನ್ ಮೊದಲು, ಕೀಮೋ ಮೊದಲು

ಇದು ಗಡ್ಡೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಯಾವ ರಕ್ತನಾಳಕ್ಕೆ ಎಷ್ಟು ಅಂಟಿದೆ ಅನ್ನುವುದರ ಮೇಲೆ ನಿಂತಿದೆ. ಗ್ರಂಥಿಯ ಹಿಂದೆ ಕರುಳಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿ ಮತ್ತು ಯಕೃತ್ತಿಗೆ ಹೋಗುವ ಪೋರ್ಟಲ್ ಅಭಿಧಮನಿ ಇವೆ. ಗಡ್ಡೆ ಎರಡನ್ನೂ ಮುಟ್ಟದಿದ್ದರೆ ನೇರ ಆಪರೇಷನ್. ಅಪಧಮನಿಯ ಅರ್ಧ ಸುತ್ತಿನೊಳಗೆ ತಾಗಿದ್ದರೆ ಅಂಚಿನ ಕೇಸು, ಸಾಮಾನ್ಯವಾಗಿ ಕೀಮೋ ಮೊದಲು. ನಲ್ಲಿ ಪೈಪಿಗೆ ಬಟ್ಟೆ ಸುತ್ತಿದ ಹಾಗೆ ಅರ್ಧ ಸುತ್ತು ದಾಟಿದ್ದರೆ ಸದ್ಯಕ್ಕೆ ಆಪರೇಷನ್ ಇಲ್ಲ. ಯಕೃತ್ತಿಗೋ ಬೇರೆ ಕಡೆಗೋ ಹರಡಿದ್ದರೆ ಕೀಮೋ ಮಾತ್ರ. ಕಾಯಿಲೆ ಗೊತ್ತಾದಾಗ ಆಪರೇಷನ್‌ಗೆ ಸಿಗುವವರು ನೂರರಲ್ಲಿ 15–20 ಜನ ಅಷ್ಟೇ.

ಇಲ್ಲಿ ಸರ್ಜನ್ ತಿಳಿವಳಿಕೆ ನೇರವಾಗಿ ಬಯಲಾಗುತ್ತೆ. ಅಭಿಧಮನಿಗೆ ಸ್ವಲ್ಪ ತಾಗಿದ್ದರೆ ಆ ತುಂಡು ತೆಗೆದು ಮತ್ತೆ ಹೊಲಿಯಬಹುದು. ಅನುಭವ ಇರುವವರು ಮಾಡುತ್ತಾರೆ. ಅದೇ ಸಿಟಿ ನೋಡಿ ಇನ್ನೊಬ್ಬರು "ನಾಳಕ್ಕೆ ಹತ್ತಿದೆ, ಮನೆಗೆ ಕರ್ಕೊಂಡು ಹೋಗಿ" ಅನ್ನಬಹುದು. ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲೇ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ಹಂತದ, ತೆಗೆಯಬಹುದಾಗಿದ್ದ ಗಡ್ಡೆಯ ರೋಗಿಗಳಲ್ಲಿ 38 ಪ್ರತಿಶತ ಜನರಿಗೆ ಆಪರೇಷನ್ ಮಾಡಿಸಿ ಅಂತ ಯಾರೂ ಹೇಳಿರಲಿಲ್ಲ. ಬೇರೆ ಕಾರಣವೂ ದಾಖಲಾಗಿರಲಿಲ್ಲ. ಈ ಕ್ಯಾನ್ಸರ್ ಅಂದರೆ ಮುಗೀತು ಅನ್ನೋ ನಿರಾಶೆ ಡಾಕ್ಟರ್‌ಗಳಲ್ಲೂ ಇರುತ್ತೆ. ವಯಸ್ಸು ಎಪ್ಪತ್ತಾಗಿದೆ ಅನ್ನುವುದೊಂದೇ ಕಾರಣ ಆಗಬಾರದು. ಹೊಲಕ್ಕೆ ನಡೆದು ಹೋಗಿ ಬರುವ ಎಪ್ಪತ್ತರ ಮನುಷ್ಯನೂ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಐವತ್ತೈದರವನೂ ಬೇರೆ ಬೇರೆ ಅಲ್ವಾ? "ಆಪರೇಷನ್ ಆಗಲ್ಲ" ಅನ್ನೋ ಮಾತನ್ನು ಒಬ್ಬರ ಬಾಯಿಂದ ಕೇಳಿ ಒಪ್ಪಿಕೊಳ್ಳಬೇಡಿ. ಎರಡನೆಯ ಅಭಿಪ್ರಾಯ ಕೇಳಿ, ಅದೂ ಈ ಆಪರೇಷನ್ ಪದೇಪದೇ ಮಾಡುವವರ ಹತ್ತಿರ.

ಯಾರ ಕೈಗೆ ಒಪ್ಪಿಸುವುದು

ತಲೆಭಾಗದ ಗಡ್ಡೆಗೆ ಮಾಡುವುದು ವಿಪಲ್ ಆಪರೇಷನ್. ಗ್ರಂಥಿಯ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಕೆಳಭಾಗ, ಕೆಲವೊಮ್ಮೆ ಜಠರದ ತುದಿ, ಇಷ್ಟೂ ತೆಗೆಯುತ್ತಾರೆ. ಆಮೇಲೆ ಉಳಿದ ಗ್ರಂಥಿ, ಪಿತ್ತನಾಳ, ಜಠರ, ಮೂರನ್ನೂ ಕರುಳಿಗೆ ಜೋಡಿಸುತ್ತಾರೆ. ಐದಾರು ಗಂಟೆ ಬೇಕು. ನಮ್ಮ ಸರ್ಜನ್ ಚೀಟಿಯ ಹಿಂದೆ ಪೆನ್ನಿನಿಂದ ಚಿತ್ರ ಬರೆದು ಗ್ರಂಥಿಯನ್ನು ಕರುಳಿಗೆ ಹೊಲಿಯುವ ಜಾಗಕ್ಕೆ ಎರಡು ಸಲ ಸುತ್ತು ಹಾಕಿದರು. "ಗ್ರಂಥಿ ಬೆಣ್ಣೆ ಹಾಗೆ ಮೆತ್ತಗೆ ಇರುತ್ತೆ. ಹೊಲಿಗೆ ನಿಲ್ಲಲ್ಲ, ಸೋರುತ್ತೆ. ನಮ್ಮ ಹೆದರಿಕೆ ಎಲ್ಲಾ ಇದೇ ಜಾಗದ್ದು" ಅಂದರು. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ.

ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: "ವರ್ಷಕ್ಕೆ ಎಷ್ಟು ವಿಪಲ್ ಮಾಡ್ತೀರಿ ಸರ್?" ಕೇಳೋಕೆ ಮುಜುಗರ ಆಗುತ್ತೆ, ಗೊತ್ತು. ಆದರೂ ಕೇಳಿ. 2002ರ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಪ್ಯಾಂಕ್ರಿಯಾಸ್ ಆಪರೇಷನ್ ತೀರಾ ಅಪರೂಪಕ್ಕೆ ಮಾಡುವ ಆಸ್ಪತ್ರೆಗಳಲ್ಲಿ ಸಾವು 16.3 ಪ್ರತಿಶತ ಇತ್ತು. ವರ್ಷಕ್ಕೆ 16ಕ್ಕಿಂತ ಜಾಸ್ತಿ ಮಾಡುವ ಕಡೆ 3.8 ಪ್ರತಿಶತ. ಅದೇ ಕಾಯಿಲೆ, ಅದೇ ಆಪರೇಷನ್, ನಾಲ್ಕು ಪಟ್ಟು ವ್ಯತ್ಯಾಸ. ನೆದರ್ಲೆಂಡ್ಸ್‌ನಲ್ಲಿ ವರ್ಷಕ್ಕೆ ಕನಿಷ್ಠ 20 ಮಾಡುವ ಆಸ್ಪತ್ರೆ ಮಾತ್ರ ಮಾಡಬೇಕು ಅಂತ ನಿಯಮ ತಂದರು.

ಜನರಲ್ ಸರ್ಜನ್, ಗ್ಯಾಸ್ಟ್ರೋ ಸರ್ಜನ್, ಕ್ಯಾನ್ಸರ್ ಸರ್ಜನ್, ಈ ಮೂವರಲ್ಲಿ ಯಾರು? ಗ್ಯಾಸ್ಟ್ರೋ ಸರ್ಜನ್ ಮತ್ತು ಕ್ಯಾನ್ಸರ್ ಸರ್ಜನ್ ಇಬ್ಬರದೂ ಜನರಲ್ ಸರ್ಜರಿ ಆದ ಮೇಲಿನ ಹೆಚ್ಚಿನ ಓದು. ಇಬ್ಬರೂ ಈ ಆಪರೇಷನ್ ಕಲಿತಿರುತ್ತಾರೆ. ಅವರಿಬ್ಬರಲ್ಲಿ ಬೋರ್ಡಿನ ಮೇಲಿನ ಡಿಗ್ರಿಗಿಂತ ಎಣಿಕೆ ನೋಡಿ. ನಾನಾದರೆ ಅಪರೂಪಕ್ಕೊಮ್ಮೆ ವಿಪಲ್ ಮಾಡುವವರ ಹತ್ತಿರ ಹೋಗುವುದಿಲ್ಲ, ಅವರು ಎಷ್ಟೇ ಒಳ್ಳೆಯವರಾಗಿದ್ದರೂ, ನಮ್ಮ ಮನೆತನಕ್ಕೆ ಎಷ್ಟೇ ಹತ್ತಿರದವರಾಗಿದ್ದರೂ.

ಎರಡನೆಯ ಪ್ರಶ್ನೆ ಯಾರೂ ಕೇಳುವುದಿಲ್ಲ: "ಆಪರೇಷನ್ ಆಗಿ ಹತ್ತನೇ ದಿನ ರಾತ್ರಿ ಎರಡು ಗಂಟೆಗೆ ಒಳಗೆ ರಕ್ತಸ್ರಾವ ಆದರೆ ಇಲ್ಲಿ ಏನು ಮಾಡ್ತೀರಿ?" ಹೊಲಿಗೆ ಸೋರಿದಾಗ ಪಕ್ಕದ ರಕ್ತನಾಳ ಸವೆದು ಹಾಗಾಗಬಹುದು. ತೊಡೆಯ ನಾಳದಿಂದ ತಂತಿ ಹಾಕಿ ರಕ್ತಸ್ರಾವ ನಿಲ್ಲಿಸುವ ರೇಡಿಯಾಲಜಿಸ್ಟ್, ರಕ್ತನಿಧಿ, ಐಸಿಯು ಡಾಕ್ಟರ್ ಆ ಹೊತ್ತಿಗೆ ಇರುತ್ತಾರಾ? ಒಳ್ಳೆಯ ಕಡೆಯೂ ತೊಂದರೆ ಆಗುತ್ತೆ. ಆದ ತೊಂದರೆಯಿಂದ ರೋಗಿಯನ್ನು ಎಳೆದು ತರುವುದರಲ್ಲೇ ವ್ಯತ್ಯಾಸ.

ಮೂರನೆಯದು ಕೀಹೋಲ್. "ಸಣ್ಣ ತೂತಲ್ಲೇ ಮಾಡ್ತೀವಿ" ಅಂದರೆ ಯಾರಿಗೂ ಆಸೆ ಆಗುತ್ತೆ. 2019ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಪ್ರಯೋಗದಲ್ಲಿ ಕೀಹೋಲ್ (ಲ್ಯಾಪ್ರೋಸ್ಕೋಪಿಕ್) ವಿಪಲ್ ಆದ 50 ಜನರಲ್ಲಿ 5 ಮಂದಿ ತೀರಿಕೊಂಡರು. ಹೊಟ್ಟೆ ತೆರೆದು ಮಾಡಿದ 49 ಜನರಲ್ಲಿ ಒಬ್ಬರು. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ತಲೆಭಾಗಕ್ಕೆ ತೆರೆದ ಆಪರೇಷನ್ ಅಂದರೆ ಹಳೇ ಕಾಲದ್ದು ಅಂತ ತಿಳಿಯಬೇಡಿ. ಬಾಲದ ಭಾಗಕ್ಕಾದರೆ ಕೀಹೋಲ್ ಒಳ್ಳೆಯ ಆಯ್ಕೆ. ಅಲ್ಲಿ ಗುಲ್ಮ, ಅಂದರೆ ಸ್ಪ್ಲೀನ್ ಕೂಡ ಬಹುಪಾಲು ಹೋಗುತ್ತೆ. ಎರಡು ವಾರ ಮೊದಲೇ ನ್ಯುಮೋನಿಯಾ, ಮೆನಿಂಜೈಟಿಸ್ ಲಸಿಕೆ ಬೇಕು ಅಂತ ಸರ್ಜನ್ ತಾವಾಗೇ ಹೇಳಿದರೆ ಸರಿಯಾದ ಕೈ ಅಂತ ತಿಳಿಯಿರಿ.

ಇಲ್ಲೋ, ದೂರವೋ

ಹುಬ್ಬಳ್ಳಿಯಲ್ಲಿ ಕಿಮ್ಸ್ ಅಂತ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಇದೆ. ಮೂರೂ ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನ ದಾರಿಯಲ್ಲೇ. ಗದಗ, ಹಾವೇರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಬೆಳಗಾವಿ ಹತ್ತಿರ. ಬೆಂಗಳೂರಿನ ಕಿದ್ವಾಯಿ ನಾಲ್ಕು ನೂರು ಕಿಲೋಮೀಟರ್ ದೂರ, ಮುಂಬೈಯ ಟಾಟಾ ಇನ್ನೂ ದೂರ. ಸರ್ಜನ್‌ಗಳು ಆಸ್ಪತ್ರೆ ಬದಲಿಸುತ್ತಾರೆ. ಹಾಗಾಗಿ ಇಂಥಲ್ಲೇ ಹೋಗಿ ಅಂತ ನಾನು ಬರೆಯುವುದಿಲ್ಲ. ಮೇಲಿನ ಪ್ರಶ್ನೆಗಳಿಗೆ ಹತ್ತಿರದಲ್ಲೇ ಸಮಾಧಾನದ ಉತ್ತರ ಸಿಕ್ಕರೆ ಹತ್ತಿರವೇ ಒಳ್ಳೆಯದು. ಸಿಗದಿದ್ದರೆ ಹೋಗಿ.

ಹೋಗುವುದಾದರೂ ಎಲ್ಲವನ್ನೂ ಅಲ್ಲೇ ಮಾಡಿಸಬೇಕಿಲ್ಲ. ಆಪರೇಷನ್ ದೂರ, ಕೀಮೋ ಹತ್ತಿರ. ನನ್ನ ಮಟ್ಟಿಗೆ ನಮ್ಮ ಕಡೆಯವರಿಗೆ ಹೊಂದುವ ದಾರಿ ಇದು. ಆಪರೇಷನ್‌ಗೆ ಎರಡು ಮೂರು ವಾರ ದೂರ ಇರಬಹುದು. ಕೀಮೋ ಆರು ತಿಂಗಳು ನಡೆಯುತ್ತೆ. ಎರಡು ವಾರಕ್ಕೊಮ್ಮೆ ರೋಣದಿಂದ ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಓಡಾಡಿದರೆ ನಾಲ್ಕನೇ ಸಲಕ್ಕೆ ರೋಗಿಯೇ ಬೇಡ ಅಂತಾರೆ. ಕೀಮೋ ಯಾವುದು, ಎಷ್ಟು ಅಂತ ದೊಡ್ಡ ಕಡೆ ಬರೆಸಿಕೊಂಡು ಇಲ್ಲಿ ಕೊಡಿಸಬಹುದು.

ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪ್ರತಿಶತ, ವರ್ಷಕ್ಕೆ 1.5 ಲಕ್ಷದ ಮಿತಿ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದನ್ನು ಅಡ್ಮಿಟ್ ಆಗುವ ಮೊದಲೇ ಮಾಡಿಸಿ.

ಆಪರೇಷನ್ ಆದ ಮೇಲೆ, ಆಗದಿದ್ದರೆ

ಆಪರೇಷನ್ ಆದರೆ ಕೆಲಸ ಮುಗಿಯಿತು ಅಂತ ಕೀಮೋ ಬಿಡುವವರಿದ್ದಾರೆ. ಬಿಡಬೇಡಿ. 2018ರ ಫ್ರಾನ್ಸ್–ಕೆನಡಾ ಪ್ರಯೋಗದಲ್ಲಿ ಆಪರೇಷನ್ ನಂತರ ನಾಲ್ಕು ಔಷಧಿ ಸೇರಿದ ಫೋಲ್ಫಿರಿನಾಕ್ಸ್ ಪಡೆದವರಲ್ಲಿ ಅರ್ಧ ಜನ 54 ತಿಂಗಳಿಗಿಂತ ಹೆಚ್ಚು ಬದುಕಿದರು. ಜೆಮ್‌ಸಿಟಾಬಿನ್ ಒಂದನ್ನೇ ಪಡೆದವರಲ್ಲಿ ಅದು 35 ತಿಂಗಳು. ಫೋಲ್ಫಿರಿನಾಕ್ಸ್ ಮೈಗೆ ಕಠಿಣ, ಎರಡು ದಿನ ಪಂಪ್ ಹಾಕಿಕೊಂಡಿರಬೇಕು. ತ್ರಾಣ ಇರುವವರಿಗೆ ಅದು. ಸೋತವರಿಗೆ ಜೆಮ್‌ಸಿಟಾಬಿನ್ ಅಥವಾ ಅದರ ಜೊತೆ ಕ್ಯಾಪೆಸಿಟಾಬಿನ್ ಮಾತ್ರೆ.

ಆಪರೇಷನ್ ಆಗದವರಿಗೆ ಮೆಟಲ್ ಸ್ಟೆಂಟ್ ಹಾಕಿ ಕಾಮಣಿ ಇಳಿಸಬಹುದು, ಕೀಮೋದಿಂದ ತಿಂಗಳುಗಳು ಸಿಗುತ್ತವೆ. ಬೆನ್ನು ನೋವಿಗೆ ಮಾರ್ಫಿನ್ ಇದೆ, ನರದ ಗಂಟಿಗೆ ಕೊಡುವ ಸೀಲಿಯಾಕ್ ಬ್ಲಾಕ್ ಇಂಜೆಕ್ಷನ್ ಇದೆ. "ಮಾರ್ಫಿನ್ ಚಟ ಆಗುತ್ತೆ" ಅಂತ ನೋವಿನಲ್ಲಿ ಮಲಗಿಸುವುದು ತಪ್ಪು. ನೋವು ಸಹಿಸಿಕೊಳ್ಳಿ ಅನ್ನುವ ಡಾಕ್ಟರ್‌ನನ್ನು ಬದಲಿಸಿ.

ಇನ್ನೊಂದು, ಬಹಳ ಸಣ್ಣದು. ಗ್ರಂಥಿ ಕಡಿಮೆಯಾದರೆ ಅಥವಾ ಗಡ್ಡೆಯಿಂದ ಕಟ್ಟಿದ್ದರೆ ಎಣ್ಣೆ ಜಿಡ್ಡು ಜೀರ್ಣ ಆಗುವುದಿಲ್ಲ. ಮಲ ಜಿಡ್ಡಾಗಿ ತೇಲುತ್ತೆ, ತೂಕ ಇಳಿಯುತ್ತೆ. ಮನೆಯವರು ಕ್ಯಾನ್ಸರ್ ಮರಳಿತು ಅಂತ ಅಳುತ್ತಾರೆ. ಬೇಕಾಗಿರುವುದು ಕಿಣ್ವದ ಕ್ಯಾಪ್ಸೂಲ್, ಪ್ಯಾಂಕ್ರಿಯಾಟಿನ್. ನಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ಅದಿತ್ತು, ಆದರೆ ಯಾವಾಗ ತಿನ್ನಬೇಕು ಅಂತ ಇರಲಿಲ್ಲ. ಮಾವ ಊಟ ಆದ ಅರ್ಧ ಗಂಟೆಗೆ ನುಂಗುತ್ತಿದ್ದರು, ಉಪಯೋಗ ಆಗುತ್ತಿರಲಿಲ್ಲ. ಊಟದ ಜೊತೆಗೇ ಹೋಗಬೇಕು ಅಂತ ಆಮೇಲೆ ತಿಳಿಯಿತು. ಈಗ ತಾಟಿನ ಅಂಚಿಗೆ ಎರಡು ಕ್ಯಾಪ್ಸೂಲ್ ಇಟ್ಟುಕೊಂಡು ಕೂರುತ್ತಾರೆ. ರೊಟ್ಟಿಯ ಮೊದಲ ತುತ್ತಿಗೆ ಒಂದು, ಅನ್ನಕ್ಕೆ ಕೈ ಹಾಕುವ ಮುಂಚೆ ಇನ್ನೊಂದು. ಕಳೆದ ತಿಂಗಳು ಎರಡು ಕೆಜಿ ಹೆಚ್ಚಾಗಿದ್ದಾರೆ.